ವರ್ಣನೆಯಿಂದ ವಿಮರ್ಶೆಗೆ: ಒಂದು ರೈಲು ನಿಲ್ದಾಣದ ಪಾಠ

ಉದ್ದೇಶ: ಕಟ್ಟಡವೊಂದನ್ನು ಕುರಿತು ಬರೆಯುವಾಗ ಪ್ರೌಢಶಾಲೆಯ ವಿದ್ಯಾರ್ಥಿಗಳು ‘ಬಹಳ ಸುಂದರವಾಗಿದೆ’ ಎಂಬ ಮಾತಿಗೇ ನಿಂತುಬಿಡುವುದುಂಟು. ಕಂಡದ್ದನ್ನು ನಿರೂಪಿಸುವುದು ವರ್ಣನೆ. ಅದರ ಗುಣದೋಷಗಳನ್ನು ಕಾರಣಸಹಿತ ತೂಗುವುದು ವಿಮರ್ಶೆ. ಈ ಭೇದವನ್ನು ಮನಗಾಣಿಸುವುದು ಪಾಠದ ಗುರಿ.

ಪಾಠ್ಯಭಾಗ: ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗವು ಜನನಿಬಿಡ ವಾಣಿಜ್ಯ ಕೇಂದ್ರ. ನೆರೆಯ ನ್ಯೂಜೆರ್ಸಿ ರಾಜ್ಯದಿಂದ ಹಡ್ಸನ್ ನದಿಯ ತಳದ ಸುರಂಗಗಳ ಮೂಲಕ ನಿತ್ಯವೂ ಸಹಸ್ರಾರು ಮಂದಿ ಉದ್ಯೋಗಕ್ಕಾಗಿ ಇಲ್ಲಿಗೆ ಬರುತ್ತಾರೆ. ಅವರು ಇಳಿಯುತ್ತಿದ್ದ ನಿಲ್ದಾಣವು 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಅವಳಿ ಗೋಪುರಗಳೊಡನೆ ನಾಶವಾಯಿತು. 2003ರಲ್ಲಿ ತಾತ್ಕಾಲಿಕ ನಿಲ್ದಾಣವೊಂದು ಆರಂಭವಾಯಿತು. ಸ್ಪೇನ್ ದೇಶದ ವಾಸ್ತುಶಿಲ್ಪಿ ಸ್ಯಾಂಟಿಯಾಗೋ ಕಲಟ್ರಾವಾ ಅವರ ಹೊಸ ವಿನ್ಯಾಸವು 2004ರಲ್ಲಿ ಪ್ರಕಟವಾಗಿ, ಮುಖ್ಯ ಸಭಾಂಗಣವು 2016ರ ಮಾರ್ಚ್ 3ರಂದು ತೆರೆಯಿತು. ಇದರ ಹೆಸರು ‘ಆಕ್ಯುಲಸ್’; ಲ್ಯಾಟಿನ್ ಭಾಷೆಯಲ್ಲಿ ‘ಕಣ್ಣು’ ಎಂದರ್ಥ.

ಬಿಳಿಯ ಉಕ್ಕಿನ ಪಕ್ಕೆಲುಬುಗಳು ಎರಡೂ ಬದಿಯಿಂದ ಮೇಲೆದ್ದು ರೆಕ್ಕೆಗಳಂತೆ ಹೊರಚಾಚಿವೆ. ಮಗುವಿನ ಕೈಯಿಂದ ಹಾರುವ ಹಕ್ಕಿ ಶಿಲ್ಪಿಯ ಕಲ್ಪನೆ. ಸಭಾಂಗಣದ ನಡುವೆ ಕಂಬಗಳಿಲ್ಲ. ನೆತ್ತಿಯ ಗಾಜಿನಿಂದ ಹಗಲಿನ ಬೆಳಕು ಅಮೃತಶಿಲೆಯ ನೆಲಕ್ಕಿಳಿಯುತ್ತದೆ.

ಆದರೆ ವೆಚ್ಚವು ಮೊದಲ ಅಂದಾಜಿನ ಸುಮಾರು ಇಮ್ಮಡಿಯಾಗಿ 400 ಕೋಟಿ ಡಾಲರುಗಳ ಆಸುಪಾಸಿಗೆ ಏರಿತು. ಕಾಮಗಾರಿ ಹಲವು ವರ್ಷ ತಡವಾಯಿತು. ರೆಕ್ಕೆಗಳು ಚಲಿಸಬೇಕೆಂಬ ಮೂಲ ಯೋಜನೆಯನ್ನು ಕೈಬಿಡಲಾಯಿತು. ಇಷ್ಟು ಹಣವನ್ನು ರೈಲುಗಳ ಸುಧಾರಣೆಗೆ ಬಳಸಬಹುದಿತ್ತೆಂಬುದು ಒಂದು ವಾದ. ನೆಲದಡಿಯಿಂದ ಬರುವ ಸಾಮಾನ್ಯ ಪ್ರಯಾಣಿಕನಿಗೂ ಬೆಳಕು, ಭವ್ಯತೆ ಸಲ್ಲಬೇಕು. ದುಃಖದಿಂದ ಎದ್ದ ನಗರಕ್ಕೆ ಅಂಥದೊಂದು ಕುರುಹು ಬೇಕು ಎಂಬುದು ಇನ್ನೊಂದು.

ಬೋಧನಾಕ್ರಮ:

1. ಕರಿಹಲಗೆಯ ಮೇಲೆ ‘ಕಂಡದ್ದು’, ‘ತೂಗಿದ್ದು’ ಎಂಬ ಎರಡು ಅಂಕಣಗಳನ್ನು ಬರೆದು, ಪಾಠ್ಯಭಾಗದ ವಾಕ್ಯಗಳನ್ನು ವಿದ್ಯಾರ್ಥಿಗಳಿಂದಲೇ ವಿಂಗಡಿಸಿರಿ. ‘ರೆಕ್ಕೆಗಳಂತೆ’ ಎಂಬ ಉಪಮೆ ಯಾವ ಅಂಕಣಕ್ಕೆ ಸೇರಬೇಕೆಂಬುದನ್ನು ಚರ್ಚೆಗೆ ಬಿಡಿರಿ.

2. ತರಗತಿಯನ್ನು ಎರಡು ಗುಂಪು ಮಾಡಿ ಎರಡೂ ವಾದಗಳನ್ನು ಮಂಡಿಸಲು ಹೇಳಿರಿ. ಅನಂತರ ಪಕ್ಷಗಳನ್ನು ಅದಲುಬದಲು ಮಾಡಿರಿ.

3. ತಮ್ಮೂರಿನ ರೈಲು ಅಥವಾ ಬಸ್ ನಿಲ್ದಾಣವನ್ನು ನೋಡಿಬಂದು ಬರೆಯಲಿ: ನೆರಳು, ಕುಡಿಯುವ ನೀರು, ಆಸನಗಳು ಇವೆಯೇ? ಫಲಕಗಳು ಯಾವ ಯಾವ ಭಾಷೆಯಲ್ಲಿವೆ? ವೃದ್ಧರಿಗೆ ಮೆಟ್ಟಿಲು ಹತ್ತುವುದು ಸುಲಭವೇ?

ಮೌಲ್ಯಮಾಪನ: ವಿದ್ಯಾರ್ಥಿಯ ನಿರ್ಣಯವು ಶಿಕ್ಷಕರ ಅಭಿಪ್ರಾಯಕ್ಕೆ ಹೊಂದಬೇಕಾಗಿಲ್ಲ. ನಿರ್ಣಯಕ್ಕೆ ಕಾರಣವನ್ನೂ, ಕಾರಣಕ್ಕೆ ತಾನು ಕಂಡ ಆಧಾರವನ್ನೂ ಸ್ಪಷ್ಟವಾದ ಕನ್ನಡದಲ್ಲಿ ಕೊಟ್ಟಿದ್ದರೆ ಪೂರ್ಣ ಅಂಕ ನೀಡಿರಿ.