ಕೀಲುನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದು

ಕಾಮಾಲೆ ತಗುಲಿದ ಸಂಧಿವಾತದ ರೋಗಿಯೊಬ್ಬರ ಕೀಲುನೋವು ತಾನಾಗಿಯೇ ಇಳಿದುದನ್ನು 1929ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ವೈದ್ಯ ಫಿಲಿಪ್ ಹೆಂಚ್ ಗಮನಿಸಿದರು. ಒಂದು ರೋಗವು ಮತ್ತೊಂದನ್ನು ಶಮನಗೊಳಿಸಿದ ಈ ವಿಚಿತ್ರ ಅವರನ್ನು ಬಹುಕಾಲ ಕಾಡಿತು. ಗರ್ಭಿಣಿಯರಲ್ಲಿಯೂ ಇಂತಹುದೇ ಉಪಶಮನ ಕಂಡುಬಂದಾಗ, ದೇಹವೇ ತಯಾರಿಸುವ ಯಾವುದೋ ದ್ರವ್ಯ ಇದಕ್ಕೆ ಕಾರಣವಿರಬೇಕೆಂದು ಅವರು ತರ್ಕಿಸಿದರು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಲ್ಲಿ ಗುರುತಿಸಿದ್ದ ದ್ರವ್ಯವನ್ನು, ಅಂದರೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದುದನ್ನು, 1948ರ ಸೆಪ್ಟೆಂಬರಿನಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕೊಡಲಾಯಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. 1950ರಲ್ಲಿ ಇವರಿಬ್ಬರಿಗೂ ಟಾಡಿಯಸ್ ರೈಖ್‌ಸ್ಟೈನರಿಗೂ ನೊಬೆಲ್ ಪಾರಿತೋಷಕ ಸಂದಿತು.

ಆದರೆ ದೀರ್ಘಕಾಲ ಸೇವಿಸಿದವರಲ್ಲಿ ಮುಖ ಊದುವುದು, ಮೂಳೆ ಸವೆಯುವುದು ಮೊದಲಾದ ಕೆಡುಕುಗಳು ತಲೆದೋರಿದವು. ನೋವಿರುವ ಕೀಲಿಗೆ ಮಾತ್ರ ಸೂಜಿಯಿಂದ ಮದ್ದು ಸೇರಿಸುವ ಕ್ರಮವು 1951ರಿಂದೀಚೆಗೆ ರೂಢಿಗೆ ಬಂದಿತು. ಇದು ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸದು. ಬೆರಳ ಗೆಣ್ಣಿನ ಬಾವಿಳಿದು ಕೆಲವು ವಾರ ಕೈ ಹಗುರಾದೊಡನೆ ರೋಗವೇ ಹೋಯಿತೆಂದು ಬಗೆದು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದರಲ್ಲಿಯೇ ಅಪಾಯವಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊಣಕಾಲಿನ ಕೀಲು ಸವೆದಿದ್ದ 140 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 12 ವಾರಕ್ಕೊಮ್ಮೆ ಎರಡು ವರ್ಷ ಸ್ಟೀರಾಯ್ಡನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಕೊಡಲಾಯಿತು. ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿಯೇ ಹೆಚ್ಚು ಸವೆದಿತ್ತು; ನೋವಿನಲ್ಲಿಯಾದರೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಒಂದೇ ಕೀಲಿಗೆ ವರ್ಷದಲ್ಲಿ ಮೂರು ನಾಲ್ಕು ಬಾರಿಗಿಂತ ಹೆಚ್ಚು ಕೊಡಲು ವೈದ್ಯರು ಸಾಮಾನ್ಯವಾಗಿ ಒಪ್ಪರು. ಮಧುಮೇಹಿಗಳಲ್ಲಿ ಕೆಲದಿನ ರಕ್ತದ ಸಕ್ಕರೆ ಏರಬಹುದಾದುದರಿಂದ ಆ ಸಂಗತಿಯನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸತಕ್ಕದ್ದು. ಕೀಲಿನಲ್ಲಿ ಸೋಂಕಿದ್ದರಂತೂ ಈ ಮದ್ದು ಸಲ್ಲದು.