ವ್ಯಾಪಾರ ಪತ್ರಗಳಲ್ಲಿ ಇಂಗ್ಲಿಷ್ ಪದಗಳ ಜೋಡಣೆ

ಹೊರ ರಾಜ್ಯಗಳ ಹಾಗೂ ಹೊರ ದೇಶಗಳ ಗ್ರಾಹಕರೊಂದಿಗೆ ವ್ಯವಹರಿಸುವ ನಮ್ಮ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇಂಗ್ಲಿಷ್ ಪದಗಳ ಕೊರತೆಯೇನೂ ಇಲ್ಲ. ಆರ್ಡರ್, ಪೇಮೆಂಟ್, ಡೆಲಿವರಿ, ಡಿಸ್ಕೌಂಟ್, ಇನ್‌ವಾಯ್ಸ್ ಮೊದಲಾದವು ಅಂಗಡಿಯ ಗುಮಾಸ್ತನಿಗೂ ಕಾರ್ಖಾನೆಯ ಮೇಸ್ತ್ರಿಗೂ ಕನ್ನಡದಷ್ಟೇ ಪರಿಚಿತವಾದ ಪದಗಳು. ತೊಡಕು ಉಂಟಾಗುವುದು ಈ ಪದಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ವಾಕ್ಯ ರಚಿಸುವಾಗ. ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಒಗ್ಗುತ್ತದೆ, ಅದರ ಹಿಂದೆ ಮುಂದೆ ಯಾವ ಸಣ್ಣ ಪದ ಬರಬೇಕು ಎಂಬುದು ಕೇವಲ ಶೈಲಿಯ ಪ್ರಶ್ನೆಯಲ್ಲ. ಪದದ ಅರ್ಥವನ್ನು ಬಹುಮಟ್ಟಿಗೆ ಅದರ ನೆರೆಯ ಪದವೇ ನಿರ್ಧರಿಸುತ್ತದೆ. ವ್ಯಾಪಾರ ಪತ್ರದಲ್ಲಿ ಆ ಅರ್ಥವನ್ನು ಹಿಂಬಾಲಿಸಿ ಹಣವೂ ಬರುತ್ತದೆ ಅಥವಾ ಹೋಗುತ್ತದೆ.

ಕನ್ನಡದಲ್ಲಿಯೂ ಹೀಗೆಯೇ. ‘ಹಣ’ ಎಂಬ ಒಂದೇ ಪದವನ್ನು ಗಮನಿಸಿ. ಹಣ ಕಟ್ಟಿದರೆ ಪಾವತಿ, ಹಣ ಹಾಕಿದರೆ ಬಂಡವಾಳ, ಹಣ ಎತ್ತಿದರೆ ಸಾಲ ಅಥವಾ ವಂತಿಗೆ, ಹಣ ಮಾಡಿದರೆ ಸಂಪಾದನೆ, ಹಣ ಹೊಡೆದರೆ ಅಪರಾಧ. ಅಂಗಡಿ ಮುಚ್ಚಿದವನು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಾನೆ. ಅಂಗಡಿ ಎತ್ತಿದವನು ತೆರೆಯುವುದಿಲ್ಲ. ಇವನ್ನು ಯಾವ ವ್ಯಾಕರಣ ಪುಸ್ತಕವೂ ನಮಗೆ ಕಲಿಸಲಿಲ್ಲ, ಕೇಳಿ ಕೇಳಿ ಬಂದವು. ಇಂಗ್ಲಿಷನ್ನಾದರೋ ನಮ್ಮಲ್ಲಿ ಬಹುಮಂದಿ ಕಿವಿಯಿಂದ ಕಲಿಯದೆ ಪಾಠದ ಕೊನೆಯ ಪದಪಟ್ಟಿಯಿಂದ ಕಲಿತವರು. ಪಟ್ಟಿಯಲ್ಲಿ ಪದಗಳು ಒಂಟಿಯಾಗಿದ್ದವು. ಅವುಗಳ ಜೊತೆಗಾರರನ್ನು ಯಾರೂ ಪರಿಚಯಿಸಲಿಲ್ಲ.

ಈ ಕೊರತೆಯನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರು ಇಂಗ್ಲಿಷನ್ನು ಪರಭಾಷಿಕರಿಗೆ ಕಲಿಸುತ್ತಿದ್ದ ಶಿಕ್ಷಕರು. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆ ನಡೆಸುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಥ ಪದಜೋಡಿಗಳ ಕುರಿತು ವರದಿಯೊಂದನ್ನು ಪ್ರಕಟಿಸಿದರು. ಅವರೊಡನೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಜಪಾನಿನಲ್ಲಿ ಹೊರತಂದ ನಿಘಂಟು, ಮುಂದೆ ಆಕ್ಸ್‌ಫರ್ಡ್ ಪ್ರಕಟಣೆಯಾಗಿ ನಮ್ಮ ಕಾಲೇಜು ವಿದ್ಯಾರ್ಥಿಗಳ ಮೇಜಿನ ಮೇಲೂ ಬಂದಿತು. ಭಾಷಾಶಾಸ್ತ್ರದಲ್ಲಿ ಇದನ್ನು ‘ಕಾಲೊಕೇಶನ್’ ಎನ್ನುತ್ತಾರೆ. ವರ್ತಕನಿಗೆ ಆ ಹೆಸರು ಬೇಕಿಲ್ಲ, ವಸ್ತು ಬೇಕು.

ಕ್ರಿಯಾಪದದ ಜೊತೆ

ಮೊದಲು ಸುಲಭವಾದವುಗಳನ್ನು ನೋಡೋಣ. ನಾವು ‘ಆರ್ಡರ್ ಕೊಡುತ್ತೇವೆ’. ಇಂಗ್ಲಿಷಿನ ವಾಣಿಜ್ಯ ರೂಢಿ ‘ಪ್ಲೇಸ್ ಆನ್ ಆರ್ಡರ್’. ಬಿಲ್ಲನ್ನು ‘ರೈಸ್’ ಮಾಡುತ್ತಾರೆ, ಬೆಲೆಯನ್ನು ‘ಕೋಟ್’ ಮಾಡುತ್ತಾರೆ, ಗಡುವನ್ನು ‘ಮೀಟ್’ ಮಾಡುತ್ತಾರೆ, ಬಾಕಿಯನ್ನು ‘ಕ್ಲಿಯರ್’ ಅಥವಾ ‘ಸೆಟಲ್’ ಮಾಡುತ್ತಾರೆ. ಚೆಕ್ಕನ್ನು ಬರೆಯುವುದು ‘ಡ್ರಾ’, ಬ್ಯಾಂಕು ಅದಕ್ಕೆ ಹಣ ಕೊಡುವುದು ‘ಆನರ್’. ತಪ್ಪಿಗೆ ‘ಮೇಕ್’ ಬೇಕು, ‘ಡೂ’ ಸಲ್ಲದು. ವ್ಯಾಪಾರ ನಡೆಸುವುದಕ್ಕೆ ‘ಡೂ ಬಿಸಿನೆಸ್’ ಸರಿ, ‘ಮೇಕ್ ಬಿಸಿನೆಸ್’ ಸಲ್ಲದು. ಇದಕ್ಕೆ ಕಾರಣ ಹುಡುಕಹೊರಟರೆ ಹೊತ್ತು ಕಳೆಯುತ್ತದೆಯೇ ಹೊರತು ಪ್ರಯೋಜನವಿಲ್ಲ.

ಇಲ್ಲಿ ತಪ್ಪಾದರೆ ಎದುರಿನವರು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತಾರೆ, ನಷ್ಟವಿಲ್ಲ. ‘ಡಿಸ್ಕಸ್ ಅಬೌಟ್ ದ ಪ್ರೈಸ್’ ಎಂದು ಬರೆದರೂ ಹಾಗೆಯೇ. ‘ಡಿಸ್ಕಸ್’ ಕ್ರಿಯಾಪದದೊಳಗೇ ‘ಕುರಿತು’ ಎಂಬ ಅರ್ಥ ಅಡಗಿರುವುದರಿಂದ ‘ಅಬೌಟ್’ ಅನಾವಶ್ಯಕ. ‘ಆರ್ಡರ್’ ನಾಮಪದವಾಗಿದ್ದಾಗ ‘ಫಾರ್’ ಬೇಕು, ಕ್ರಿಯಾಪದವಾದೊಡನೆ ಬೇಡ: ‘ಆನ್ ಆರ್ಡರ್ ಫಾರ್ 200 ಪೀಸಸ್’, ಆದರೆ ‘ವೀ ಆರ್ಡರ್ಡ್ 200 ಪೀಸಸ್’. ‘ರಿಕ್ವೆಸ್ಟ್’ ಪದಕ್ಕೂ ಇದೇ ನಿಯಮ.

‘ಡೀಲ್’ ಪದದಲ್ಲಿ ಸ್ವಲ್ಪ ಎಚ್ಚರ ಅಗತ್ಯ. ‘ವೀ ಡೀಲ್ ಇನ್ ಪಂಪ್‌ಸೆಟ್ಸ್’ ಎಂದರೆ ನಾವು ಪಂಪ್‌ಸೆಟ್ ವ್ಯಾಪಾರಿಗಳು. ‘ಡೀಲ್ ವಿತ್’ ಎಂದರೆ ಒಬ್ಬರೊಡನೆ ವ್ಯವಹರಿಸುವುದು ಅಥವಾ ಒಂದು ಸಮಸ್ಯೆಯನ್ನು ನಿಭಾಯಿಸುವುದು. ದೂರುಗಳನ್ನು ‘ಡೀಲ್ ವಿತ್’ ಮಾಡಬೇಕು. ‘ವೀ ಡೀಲ್ ಇನ್ ಕಂಪ್ಲೇಂಟ್ಸ್’ ಎಂದರೆ ದೂರುಗಳನ್ನೇ ಮಾರುತ್ತೇವೆ ಎಂದಾಗುತ್ತದೆ!

ಇನ್ನು ‘ರಿವರ್ಟ್’. ನಮ್ಮ ದೇಶದ ಕಚೇರಿಗಳಲ್ಲಿ ಇದಕ್ಕೆ ‘ಉತ್ತರಿಸು’ ಎಂಬ ಅರ್ಥ ಬೇರೂರಿದೆ. ಬ್ರಿಟನ್ ಅಥವಾ ಅಮೆರಿಕದ ಖರೀದಿದಾರನಿಗೆ ಇದರ ಮೊದಲ ಅರ್ಥ ಹಿಂದಿನ ಸ್ಥಿತಿಗೆ ಮರಳುವುದು. ಬೆಲೆಯ ಚರ್ಚೆ ನಡೆಯುತ್ತಿರುವಾಗ ‘ರಿವರ್ಟ್’ ಎಂಬ ಪದ ಬಂದರೆ ಹಳೆಯ ದರಕ್ಕೆ ಹಿಂದಿರುಗುತ್ತಿದ್ದಾರೆಯೇ ಎಂಬ ಸಂಶಯ ಅವನಿಗೆ ಬರಬಹುದು. ‘ರಿಪ್ಲೈ’ ಎಂಬ ಸರಳ ಪದ ಇರುವಾಗ ಈ ಅಪಾಯ ಏಕೆ?

ಸಣ್ಣ ಪದಗಳು, ದೊಡ್ಡ ಲೆಕ್ಕ

ನಿಜವಾದ ನಷ್ಟ ಅಡಗಿರುವುದು ‘ಬೈ’, ‘ಟು’, ‘ಟಿಲ್’, ‘ಫ್ರಮ್’, ‘ಆನ್’, ‘ಅಗೇನ್ಸ್ಟ್’ ಮುಂತಾದ ಸಣ್ಣ ಪದಗಳಲ್ಲಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೇ ಅಂಟಿಕೊಂಡಿರುವುದರಿಂದ ಬಿಡಿಯಾಗಿ ನಿಂತ ಈ ಪದಗಳ ತೂಕ ನಮ್ಮ ಕಣ್ಣಿಗೆ ಬೀಳುವುದಿಲ್ಲ.

100 ರೂಪಾಯಿಯ ವಸ್ತುವಿನ ಬೆಲೆ ‘ಇನ್‌ಕ್ರೀಸ್ಡ್ ಬೈ 120’ ಎಂದರೆ 220 ರೂಪಾಯಿ; ‘ಇನ್‌ಕ್ರೀಸ್ಡ್ ಟು 120’ ಎಂದರೆ 120 ಮಾತ್ರ. ಶೇ. 10ರ ರಿಯಾಯಿತಿಯನ್ನು ‘ಬೈ 12 ಪರ್ಸೆಂಟೇಜ್ ಪಾಯಿಂಟ್ಸ್’ ಹೆಚ್ಚಿಸಿದ್ದೇವೆಂದು ಬರೆದವರು ಶೇ. 22 ಕೊಡಲು ಸಿದ್ಧರಿರಬೇಕು. ಕಾಲವನ್ನು ಹೇಳುವಾಗ ‘ಬೈ’ ಎಂದರೆ ‘ಒಳಗೆ’, ‘ಟಿಲ್’ ಎಂದರೆ ‘ವರೆಗೆ’. ಸರಕು ‘ಬೈ’ 15ನೆಯ ತಾರೀಖು ತಲುಪುತ್ತದೆ. ದರ ‘ಟಿಲ್’ 15ನೆಯ ತಾರೀಖು ಊರ್ಜಿತವಾಗಿರುತ್ತದೆ. ಅದಲು ಬದಲು ಮಾಡಿದರೆ ಒಂದೇ ಸಾರಿ ಆಗಬೇಕಾದ ಕೆಲಸ ಎಡೆಬಿಡದೆ ನಡೆಯುವಂತೆ ಧ್ವನಿಸುತ್ತದೆ.

‘ಅಗೇನ್ಸ್ಟ್’ ಎಂದೊಡನೆ ನಮಗೆ ಹೊಳೆಯುವ ಅರ್ಥ ‘ವಿರುದ್ಧ’. ‘ಡಾಕ್ಯುಮೆಂಟ್ಸ್ ಅಗೇನ್ಸ್ಟ್ ಪೇಮೆಂಟ್’ ಎಂಬಲ್ಲಿ ವಿರೋಧದ ಮಾತೇ ಇಲ್ಲ. ಅದು ‘ಪಡೆದುಕೊಂಡು ಕೊಡುವ’ ಸಂಬಂಧ. ಆಮದುದಾರನು ಹಣ ಕಟ್ಟಿದ ಮೇಲೆಯೇ ಬ್ಯಾಂಕು ಹಡಗಿನ ದಾಖಲೆಗಳನ್ನು ಅವನ ಕೈಗೆ ಕೊಡುತ್ತದೆ. ‘ಡಾಕ್ಯುಮೆಂಟ್ಸ್ ಅಗೇನ್ಸ್ಟ್ ಆಕ್ಸೆಪ್ಟೆನ್ಸ್’ ಎಂದಾದರೆ ಅವನು ಹುಂಡಿಯ ಮೇಲೆ ಒಪ್ಪಿಗೆಯ ರುಜು ಹಾಕಿದರೆ ಸಾಕು, ದಾಖಲೆಗಳು ಅವನಿಗೆ, ಹಣ ಮಾತ್ರ ಮುಂದಿನ ಗಡುವಿಗೆ. ಒಂದೇ ಪದದ ವ್ಯತ್ಯಾಸದಿಂದ ನಗದು ವ್ಯಾಪಾರ ಸಾಲದ ವ್ಯಾಪಾರವಾಯಿತು. ಬ್ಯಾಂಕುಗಳು ಅನುಸರಿಸುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ವಸೂಲಿ ನಿಯಮಗಳ ಪ್ರಕಾರ, ಮುಂದಿನ ದಿನಾಂಕದ ಹುಂಡಿಯಿದ್ದೂ ಇವೆರಡರಲ್ಲಿ ಯಾವುದೆಂದು ಸೂಚಿಸದಿದ್ದರೆ ಹಣ ಪಡೆದೇ ದಾಖಲೆ ಬಿಡಬೇಕು.

ಅದೇ ಮಂಡಳಿಯ ಯುಸಿಪಿ 600 ಎಂಬ ನಿಯಮಾವಳಿ 2007ರ ಜುಲೈ 1ರಿಂದ ಜಾರಿಯಲ್ಲಿದ್ದು, ಲೆಟರ್ ಆಫ್ ಕ್ರೆಡಿಟ್ ವ್ಯವಹಾರಗಳಿಗೆ ಆಧಾರವಾಗಿದೆ. ಪದದ ಅರ್ಥ ನೆರೆಯಿಂದ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇರೆ ದೊರೆಯಲಾರದು. ‘ಫ್ರಮ್’ ಪದವು ಸರಕು ಸಾಗಣೆಯ ಅವಧಿಯನ್ನು ಸೂಚಿಸಿದಾಗ ಹೇಳಿದ ದಿನಾಂಕವೂ ಲೆಕ್ಕಕ್ಕೆ ಸೇರುತ್ತದೆ. ‘ಫ್ರಮ್ 10 ಮಾರ್ಚ್ ಟು 25 ಮಾರ್ಚ್’ ಎಂದರೆ 10ರಂದೂ 25ರಂದೂ ಸರಕು ಹಡಗೇರಬಹುದು. ಅದೇ ‘ಫ್ರಮ್’ ಹಣ ಸಲ್ಲಬೇಕಾದ ದಿನವನ್ನು ಸೂಚಿಸಿದಾಗ ಆ ದಿನಾಂಕ ಲೆಕ್ಕದಿಂದ ಹೊರಗೆ. ಬಿಲ್ ಆಫ್ ಲೇಡಿಂಗ್ ಮಾರ್ಚ್ 10ರದ್ದಾಗಿದ್ದು, ಅಲ್ಲಿಂದ 30 ದಿನಕ್ಕೆ ಹಣವೆಂದಿದ್ದರೆ ಎಣಿಕೆ 11ರಿಂದ ಆರಂಭವಾಗಿ ಏಪ್ರಿಲ್ 9ಕ್ಕೆ ಮುಗಿಯುತ್ತದೆ. ‘ಬಿಫೋರ್ 25 ಮಾರ್ಚ್’ ಎಂದಿದ್ದಲ್ಲಿ 24ಕ್ಕೇ ಸರಕು ಹೊರಟಿರಬೇಕು. 25ರಂದು ಹಡಗೇರಿಸಿದವನ ದಾಖಲೆ ದೋಷಯುಕ್ತವೆಂದು ಬ್ಯಾಂಕು ತಿರಸ್ಕರಿಸಬಹುದು.

‘ಅಬೌಟ್’ ಪದದ ಕಥೆ ಇನ್ನೂ ಸೂಕ್ಷ್ಮ. ಪ್ರಮಾಣದ ಮುಂದೆ ಬಂದ ‘ಅಬೌಟ್’ ಶೇ. 10ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಕೊಡುತ್ತದೆ; ‘ಅಬೌಟ್ 1000 ಪೀಸಸ್’ ಎಂದಿದ್ದರೆ 900ರಿಂದ 1100ರವರೆಗೆ ಕಳುಹಿಸಬಹುದು. ಆದರೆ ಈ ಸಡಿಲಿಕೆ ಅದು ಯಾವ ಸಂಖ್ಯೆಯ ಪಕ್ಕದಲ್ಲಿದೆಯೋ ಅದಕ್ಕೆ ಮಾತ್ರ ಅನ್ವಯ. ಒಂದಕ್ಕೆ 20 ಡಾಲರಿನಂತೆ ಕ್ರೆಡಿಟ್‌ನ ಮೊತ್ತ 20,000 ಡಾಲರ್ ಎಂದು ‘ಅಬೌಟ್’ ಇಲ್ಲದೆ ನಮೂದಾಗಿದ್ದರೆ, 1100 ಕಳುಹಿಸಿದವನು 22,000 ಡಾಲರ್ ನಿರೀಕ್ಷಿಸುವಂತಿಲ್ಲ. ಹೆಚ್ಚುವರಿ ನೂರು ಸರಕಿನ ಹಣಕ್ಕೆ ಆ ಕ್ರೆಡಿಟ್‌ನಲ್ಲಿ ಆಧಾರವಿಲ್ಲ. ದಿನಾಂಕದ ಮುಂದೆ ‘ಆನ್ ಆರ್ ಅಬೌಟ್’ ಎಂದು ಬಂದರೆ ಶೇಕಡಾವಾರು ಲೆಕ್ಕವಿಲ್ಲ. ಹಿಂದೆ ಐದು ದಿನ, ಮುಂದೆ ಐದು ದಿನ. ಇನ್ನು ನಾವು ಧಾರಾಳವಾಗಿ ಬಳಸುವ ‘ಪ್ರಾಂಪ್ಟ್’, ‘ಇಮ್ಮೀಡಿಯೆಟ್ಲಿ’, ‘ಆಸ್ ಸೂನ್ ಆಸ್ ಪಾಸಿಬಲ್’ ಎಂಬಂಥ ಪದಗಳನ್ನು ಈ ನಿಯಮಾವಳಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ದೇಶೀಯ ವ್ಯಾಪಾರದಲ್ಲಿ ‘ಅಕೌಂಟ್’ ಪದವನ್ನು ಗಮನಿಸಬೇಕು. ‘ಆನ್ ಅಕೌಂಟ್’ ಎಂದರೆ ಬಾಕಿಯ ಬಾಬ್ತು ಭಾಗಶಃ ಜಮೆ. ‘ಆನ್ ಅಕೌಂಟ್ ಆಫ್’ ಎಂದರೆ ‘ಕಾರಣದಿಂದ’. ‘ಅಕೌಂಟ್ ಫಾರ್’ ಎಂದರೆ ಲೆಕ್ಕ ಒಪ್ಪಿಸುವುದು. 5,000 ರೂಪಾಯಿ ಬಾಕಿಯಿರುವಾಗ 2,000 ಪಡೆದು ರಸೀದಿಯಲ್ಲಿ ‘ರಿಸೀವ್ಡ್ ಆನ್ ಅಕೌಂಟ್’ ಎಂದು ಬರೆದರೆ ಉಳಿದ 3,000 ಜೀವಂತ. ‘ಇನ್ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಎಂದು ಒಪ್ಪಿ ಬರೆದುಕೊಟ್ಟರೆ ಚುಕ್ತಾ. 1872ರ ಭಾರತೀಯ ಕರಾರು ಅಧಿನಿಯಮದ 63ನೆಯ ಕಲಮು ಪೂರ್ತಿ ಸಾಲಕ್ಕೆ ಬದಲಾಗಿ ಕಡಿಮೆ ಹಣವನ್ನು ಒಪ್ಪಿಕೊಳ್ಳುವ ಸ್ವಾತಂತ್ರ್ಯವನ್ನು ಸಾಲಿಗನಿಗೆ ನೀಡಿದೆ. ಆ ಕಲಮಿನ ಉದಾಹರಣೆಯೊಂದರಲ್ಲಿರುವುದೂ ಇವೇ ಅಂಕಿಗಳು. ಬಾಕಿದಾರನ ಗುಮಾಸ್ತ ಸಿದ್ಧಪಡಿಸಿ ತಂದ ರಸೀದಿಗೆ ಓದದೆ ರುಜು ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ.

‘ಸಬ್ಜೆಕ್ಟ್ ಟು’

ಒಂಟಿಯಾಗಿ ‘ಸಬ್ಜೆಕ್ಟ್’ ಎಂದರೆ ಪತ್ರದ ವಿಷಯ. ‘ಟು’ ಸೇರಿದೊಡನೆ ಅದು ‘ಒಳಪಟ್ಟು’ ಎಂಬ ಷರತ್ತಾಗುತ್ತದೆ. ‘ವೀ ಆಕ್ಸೆಪ್ಟ್ ಯುವರ್ ಆರ್ಡರ್’ ಎಂದು ಬರೆದರೆ ಕರಾರು ಏರ್ಪಟ್ಟಿತು. ಅದಕ್ಕೆ ‘ಸಬ್ಜೆಕ್ಟ್ ಟು ರಿವಿಷನ್ ಆಫ್ ಪ್ರೈಸ್’ ಎಂದು ಸೇರಿಸಿದರೆ ಅದು ಒಪ್ಪಿಗೆಯಾಗಿ ಉಳಿಯುವುದಿಲ್ಲ. ಒಪ್ಪಿಗೆ ಪೂರ್ಣವೂ ನಿಶ್ಶರ್ತವೂ ಆಗಿರಬೇಕೆಂದು ಅದೇ ಅಧಿನಿಯಮದ 7ನೆಯ ಕಲಮು ಹೇಳುತ್ತದೆ. ಹೀಗಾಗಿ ಅದು ಹೊಸ ಪ್ರಸ್ತಾವವಾಗುತ್ತದೆ. ಖರೀದಿದಾರ ಅದನ್ನು ಒಪ್ಪುವವರೆಗೆ ಕಚ್ಚಾ ಸಾಮಗ್ರಿ ತರಿಸಿ ಯಂತ್ರ ಓಡಿಸುವುದು ಸ್ವಂತ ಹೊಣೆಯ ಮೇಲೆ.

ನಮ್ಮ ಬಿಲ್ಲುಗಳ ಕೆಳತುದಿಯಲ್ಲಿ ಮುದ್ರಿತವಾಗಿರುವ ‘ಸಬ್ಜೆಕ್ಟ್ ಟು’ ಊರಿನ ಹೆಸರು ‘ಜ್ಯೂರಿಸ್‌ಡಿಕ್ಷನ್’ ಎಂಬ ಸಾಲು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಗುಜರಾತಿನ ತಯಾರಕರಾದ ಎ.ಬಿ.ಸಿ. ಲ್ಯಾಮಿನಾರ್ಟ್ ಮತ್ತು ಸೇಲಂನ ಎ.ಪಿ. ಏಜೆನ್ಸೀಸ್ ನಡುವಣ ಮೊಕದ್ದಮೆಯಲ್ಲಿ ಕರಾರಿನ ಷರತ್ತು ವಿವಾದಗಳನ್ನು ‘ಸಬ್ಜೆಕ್ಟ್ ಟು ಕೈರಾ ಜ್ಯೂರಿಸ್‌ಡಿಕ್ಷನ್’ ಎಂದಿತ್ತು. ‘ಓನ್ಲಿ’, ‘ಅಲೋನ್’, ‘ಎಕ್ಸ್‌ಕ್ಲೂಸಿವ್’ ಇವುಗಳಲ್ಲಿ ಯಾವ ಪದವೂ ಜೊತೆಗಿರಲಿಲ್ಲ. ಆದ್ದರಿಂದ ಸೇಲಂ ನ್ಯಾಯಾಲಯದ ಅಧಿಕಾರ ತಪ್ಪಲಿಲ್ಲವೆಂದು 1989ರಲ್ಲಿ ತೀರ್ಪಾಯಿತು. 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೋಲ್ಕತ್ತದ ನ್ಯಾಯಾಲಯಗಳನ್ನು ಹೆಸರಿಸಿದ್ದ ಷರತ್ತನ್ನು ಪರಿಶೀಲಿಸಿ, ಆ ಪದಗಳಿಲ್ಲದಿದ್ದರೂ ಉಳಿದ ನ್ಯಾಯಾಲಯಗಳನ್ನು ಹೊರಗಿಡುವ ಉದ್ದೇಶ ಸ್ಪಷ್ಟವೆಂದು ಹೇಳಿತು. ಎರಡನೆಯ ತೀರ್ಪು ವರ್ತಕರಿಗೆ ಸಮಾಧಾನ ತಂದಿದೆಯಾದರೂ ಒಂದು ಪದದ ಸಲುವಾಗಿ ದೆಹಲಿಯವರೆಗೆ ವಾದಿಸುವುದಕ್ಕಿಂತ, ಮುಂದಿನ ಬಿಲ್ ಪುಸ್ತಕ ಅಚ್ಚಿಗೆ ಹೋಗುವಾಗ ಆ ಪದವನ್ನು ಸೇರಿಸುವುದು ಅಗ್ಗ. ‘ಸಬ್ಜೆಕ್ಟ್ ಟು ದ ಎಕ್ಸ್‌ಕ್ಲೂಸಿವ್ ಜ್ಯೂರಿಸ್‌ಡಿಕ್ಷನ್ ಆಫ್ ದ ಕೋರ್ಟ್ಸ್ ಅಟ್ ಹುಬ್ಬಳ್ಳಿ’ ಎಂಬಂತೆ ಬರೆಯಬಹುದು. ಇದೇ ಷರತ್ತು ಗ್ರಾಹಕರು ಒಪ್ಪಿದ ಕೊಟೇಶನ್ ಅಥವಾ ಆರ್ಡರ್ ಪತ್ರದಲ್ಲಿಯೂ ಇರುವುದು ಒಳ್ಳೆಯದು. ಆದರೆ ಹೆಸರಿಸಿದ ಊರಿಗೂ ಆ ವ್ಯವಹಾರಕ್ಕೂ ಸಂಬಂಧವಿರಬೇಕು. ಕರಾರು ನಡೆದ, ಸರಕು ಕೊಟ್ಟ ಅಥವಾ ಹಣ ಸಲ್ಲಬೇಕಾದ ಸ್ಥಳ ಅದಾಗಿರಬೇಕು. ಮೂಲತಃ ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಕೇವಲ ಪರಸ್ಪರ ಒಪ್ಪಿಗೆಯಿಂದ ಅಧಿಕಾರ ಕೊಡಲು ಬರುವುದಿಲ್ಲ.