ರಾಬಿನ್ಸ್ ಅಂಡ್ ಲಾರೆನ್ಸ್: ವಿಂಡ್ಸರ್‌ನ ಯಂತ್ರಶಾಲೆ

ಬಂದೂಕಿನ ಒಂದು ಭಾಗ ಮುರಿದರೆ, 19ನೇ ಶತಮಾನದ ಆರಂಭದಲ್ಲಿ ಕಸುಬುದಾರ ಹೊಸದನ್ನು ಅರದಿಂದ ಉಜ್ಜಿ ಉಜ್ಜಿ ಆ ಒಂದು ಬಂದೂಕಿಗೆ ಕೂರಿಸಬೇಕಿತ್ತು. ಈ ತಾಪತ್ರಯ ತಪ್ಪಿಸಿದವರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಪುಟ್ಟ ಊರು ವಿಂಡ್ಸರ್‌ನ ರಾಬಿನ್ಸ್ ಅಂಡ್ ಲಾರೆನ್ಸ್ ಕಂಪನಿಯೂ ಒಂದು.

ಸರ್ಕಾರಕ್ಕೆ 10,000 ರೈಫಲ್ ಪೂರೈಸುವ ಗುತ್ತಿಗೆ ಹಿಡಿದ ಪಾಲುದಾರರು 1846ರಲ್ಲಿ ಹಳ್ಳದ ದಂಡೆಯಲ್ಲಿ ಇಟ್ಟಿಗೆಯ ಕಾರ್ಖಾನೆ ಕಟ್ಟಿದರು. ಯಂತ್ರಗಳನ್ನು ತಿರುಗಿಸಿದ್ದು ಆ ಹಳ್ಳದ ನೀರೇ. ಯಂತ್ರ ಕೊರೆದು ಕೊಟ್ಟ ಭಾಗಗಳನ್ನು ಗೇಜಿಗೆ ಹಿಡಿದು ಅಳೆಯುತ್ತಿದ್ದರು. ಹಾಗಾಗಿ ಒಂದು ರೈಫಲ್‌ನ ಭಾಗ ಇನ್ನೊಂದಕ್ಕೆ ಸಲೀಸಾಗಿ ಹೊಂದುತ್ತಿತ್ತು. 'ಅಮೆರಿಕನ್ ಉತ್ಪಾದನಾ ಪದ್ಧತಿ' ಎನ್ನುವುದು ಇದನ್ನೇ. ಇದರ ಕೀರ್ತಿಯೆಲ್ಲ ಅಮೆರಿಕದ ಸಂಶೋಧಕ ಎಲಿ ವಿಟ್ನಿಗೇ ಸಲ್ಲುವುದು ಅಷ್ಟೇನೂ ನ್ಯಾಯವಲ್ಲ.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಂಪನಿಯ ಆರು ರೈಫಲ್‌ಗಳು ಪದಕ ಗೆದ್ದವು. ಬ್ರಿಟಿಷರು ಬೆರಗಾಗಿ ಸುಮ್ಮನಾಗಲಿಲ್ಲ. ತಮ್ಮ ಎನ್‌ಫೀಲ್ಡ್ ಶಸ್ತ್ರ ಕಾರ್ಖಾನೆಗೆ ಈ ಕಂಪನಿಯಿಂದಲೇ ಯಂತ್ರ ತರಿಸಿಕೊಂಡರು.

ಯಂತ್ರ ಗೆದ್ದಿತು, ವ್ಯಾಪಾರ ಸೋತಿತು. ಬ್ರಿಟನ್ ರಷ್ಯಾ ವಿರುದ್ಧ ಹೋರಾಡಿದ ಕ್ರಿಮಿಯನ್ ಯುದ್ಧ 1856ರಲ್ಲಿ ಮುಗಿಯಿತು. ಅದನ್ನೇ ನಂಬಿ ಒಪ್ಪಿಕೊಂಡಿದ್ದ ದೊಡ್ಡ ರೈಫಲ್ ಗುತ್ತಿಗೆ ಕೈಕೊಟ್ಟು ಕಂಪನಿ ದಿವಾಳಿಯಾಯಿತು. ಆದರೂ ಹಲವು ಉಪಕರಣಗಳನ್ನು ಸರದಿಯಂತೆ ತಿರುಗಿಸಿ ಬಳಸುವ ಟರೆಟ್ ಲೇತ್ ಯಂತ್ರವನ್ನು ಮಾರುಕಟ್ಟೆಗಾಗಿ ಮೊದಲು ತಯಾರಿಸಿದವರ ಸಾಲಿನಲ್ಲಿ ಅದರ ಹೆಸರು ಉಳಿದಿದೆ. ಕಾರ್ಖಾನೆಯ ಕಟ್ಟಡದಲ್ಲೀಗ ಅಮೆರಿಕನ್ ಪ್ರಿಸಿಷನ್ ಮ್ಯೂಸಿಯಂ ಇದೆ.